ಅಳುಕಿದಿ ಏನು?

ಬಾವಿ ತೋಡುವ ಮುದಕಪ್ಪನ ತಂಡದಲ್ಲಿ ಒಂದು ಪದ್ಧತಿ ಇತ್ತು. ಬಂಡೆ ಸಿಡಿಸುವ ಮದ್ದು ತುಂಬಿದ ಬಾವಿಗೆ ಇಳಿಯುವವನನ್ನು ಹಿರಿಯನಾದವನು ಎದುರಿಗೆ ನಿಲ್ಲಿಸಿಕೊಂಡು, "ಅಳುಕಿದಿ ಏನು?" ಎಂದು ಕೇಳಬೇಕು. ಹೂಂ ಎಂದವನು ಮೇಲೆಯೇ ಕೂರಬೇಕು. ಅವನನ್ನು ನೋಡಿ ಯಾರೂ ನಗುವ ಹಾಗಿಲ್ಲ.

ಎಪ್ಪತ್ತನಾಲ್ಕನೆಯ ಇಸವಿಯ ಹೊತ್ತಿಗೆ ಯರಗಟ್ಟಿಯ ಪೇಟೆಯಲ್ಲಿ ಅಳುಕು ಎಂಬ ಮಾತು ಆಡುವವರು ಕಡಿಮೆಯಾಗಿದ್ದರು. ಅಲ್ಲಿ ಎಲ್ಲರೂ ಅಂಜುವವರೇ, ಅಳುಕುವವರು ಯಾರೂ ಇಲ್ಲ! ಕೆಲಸಕ್ಕೆ ಸೇರಿದ ಮೊದಲ ದಿನ ನೀಲಪ್ಪನಿಗೆ ನಗು ಬಂದಿತ್ತು. ಮುದಕಪ್ಪ ಅವನಿಗೆ ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಹೌದು. ಆ ಸಲಿಗೆಯಲ್ಲೇ ಕೇಳಿದ್ದ, "ಅಂಜಿದಿ ಏನು ಅಂದ್ರ ಆಗೂದಿಲ್ಲೇನ್ರಿ ಮಾವಾ?"

"ಅಂಜಿಕಿ ಎಲ್ಲಾರಿಗೂ ಇರತೈತಿ ನೀಲ್ಯಾ. ಅಂಜಿದಾಂವ ಹುಷಾರ್ ಇರತಾನ. ಅಳುಕೂದಂದ್ರ ಒಳಗಿನ ಧೈರ್ಯ ಸೋರಿ ಹೋಗೂದು. ಆಮ್ಯಾಲ ಕೈಕಾಲು ನಮ್ಮ ಮಾತು ಕೇಳೂದಿಲ್ಲ. ಅಂಥಾಂವ ಇಳೀಬಾರದು."

ಚಚಡಿಯ ಹೊಲದ ಬಾವಿಯಲ್ಲಿ ಮುಂದೊಂದು ದಿನ ನಾಲ್ಕು ಕುಳಿಗೆ ಮದ್ದು ತುಂಬಿದ್ದರು. ಬತ್ತಿ ಹೊತ್ತಿಸಿ ಮೇಲೆ ಓಡಿ ಬಂದವನು ನೀಲಪ್ಪ. ಒಂದು ಸದ್ದಾಯಿತು, ಎರಡಾಯಿತು, ಮೂರಾಯಿತು. ನಾಲ್ಕನೆಯದು ಆಗಲಿಲ್ಲ. ಬಿಸಿಲು ನೆತ್ತಿಗೆ ಬರುವ ತನಕ ಕಾದರೂ ಬಾವಿ ಉಸಿರೆತ್ತಲಿಲ್ಲ. ಇನ್ನು ಯಾರಾದರೂ ಇಳಿದು ಆ ಕುಳಿಗೆ ನೀರು ಸುರಿದು ಮದ್ದು ತೋಯಿಸಬೇಕು.

"ಅಳುಕಿದಿ ಏನು?" ಮುದಕಪ್ಪ ನೀಲಪ್ಪನನ್ನು ಕೇಳಿದ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ ರೀ ಮಾವಾ."

ತಂಡದ ಶಂಕ್ರೆಪ್ಪನೂ ಹೂಂ ಎಂದ. ದುರ್ಗಪ್ಪನೂ ಹೂಂ ಎಂದ. ಯಾರೂ ನಗಲಿಲ್ಲ. ಎಲ್ಲರೂ ಹೂಂ ಎಂದರೆ ಹಿರಿಯನೇ ಇಳಿಯಬೇಕು. ಕೇಳುವವನನ್ನು ಕೇಳುವ ಪದ್ಧತಿ ಮಾತ್ರ ಆ ತಂಡದಲ್ಲಿ ಇರಲೇ ಇಲ್ಲ.

ಮುದಕಪ್ಪ ರುಮಾಲು ಬಿಚ್ಚಿ ಕಟ್ಟಿದ. ಮತ್ತೆ ಬಿಚ್ಚಿ ಕಟ್ಟಿದ. ಕೊಡ ಎತ್ತಿದಾಗ ನೀರು ತುಳುಕಿ ಅವನ ಪಾದದ ಮೇಲೆ ಬಿತ್ತು. ಮೆಟ್ಟಿಲಿಗೆ ಚಾಚಿದ ಬಲಗಾಲು ಹಿಂದೆ ಬಂತು. ನೀಲಪ್ಪ ಅದನ್ನು ಕಂಡ.

ಮಾವ ಅಳುಕಿದ್ದಾನೆ.

ಕೇಳಿಬಿಡಬೇಕು ಅನ್ನಿಸಿತು. ಕೇಳಿದರೆ ಮುದಕಪ್ಪ ಸುಳ್ಳು ಹೇಳುವವನಲ್ಲ. ಬಾವಿಯ ಬಾಯಿಗೆ ಮುಳ್ಳು ಹೊಚ್ಚಿ ಎಲ್ಲರೂ ಮನೆಗೆ ಹೋಗಬಹುದು. ಆದರೆ ಈಗಷ್ಟೇ ಹೂಂ ಎಂದು ಕೂತವನು ಯಾವ ಮುಖ ಹೊತ್ತು ಕೇಳಬೇಕು? ಅದೂ ನಾಲ್ಕು ಮಂದಿಯ ಎದುರು, ಹೆಣ್ಣು ಕೊಟ್ಟ ಮಾವನನ್ನು! ಮುದಕಪ್ಪ ಒಮ್ಮೆ ತಿರುಗಿ ಅಳಿಯನ ಮುಖ ನೋಡಿದ, ಏನೋ ಕಾಯುವವನ ಹಾಗೆ. ನೀಲಪ್ಪ ನೆಲ ನೋಡಿದ.

ಕೊಡ ಕಲ್ಲಿಗೆ ತಾಗುತ್ತ ಕೆಳಗಿಳಿಯುವುದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ನೀಲಪ್ಪ ಮೆಟ್ಟಿಲ ಹತ್ತಿರ ಹೋಗಿ ಬಾಯಿ ತೆರೆಯುವಷ್ಟರಲ್ಲಿ ನಾಲ್ಕನೆಯ ಸದ್ದಾಯಿತು.

ಮೂರನೆಯ ದಿನ, ಬಂದ ಬಳಗವೆಲ್ಲ ಹೋದ ಮೇಲೆ, ಮುದಕಪ್ಪನ ಮಗಳು ಬಾಯವ್ವ ಗಂಡ ನೀಲಪ್ಪನ ಎದುರಿಗೆ ಬಂದು ಕುಳಿತಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಅವತ್ತ ಮುಂಜಾನಿ ಬುತ್ತಿ ಕೊಡೂವಾಗ ಅಪ್ಪನ ಕೈ ನಡಗತಿತ್ತು. ಕೇಳಬೇಕಂದೆ. ಅಲ್ಲೆ ನೀವು ಇರತೀರಿ, ನೀವು ಕೇಳತೀರಿ ಅಂತ ಸುಮ್ಮನಾದೆ," ಎಂದಳು. "ಕೇಳಿದ್ರಿ ಹೌದಲ್ರೀ?"