ಪುಸ್ತಕದಾಗಿನ ಅಪ್ಪ

ಅಪ್ಪನ ತಲೆಗೆ ಪಟಗ ಸುತ್ತುತ್ತಿದ್ದ ದುಂಡವ್ವನ ಕೈ ಮತ್ತೆ ಸೋತಿತು. ಗೋಡೆಗೆ ಆನಿಸಿ ಕೂಡ್ರಿಸಿದ್ದ ಹೆಣದ ಕತ್ತು ಎಡಕ್ಕೆ ವಾಲಿ, ಸುತ್ತಿದ್ದಷ್ಟೂ ಕಿವಿಯ ಮೇಲೆ ಜಾರಿ ಬಂತು.

"ಬಿಗಿಯಾಗಿ ಸುತ್ತಬೇ. ಜೀವ ಇದ್ದಾಗೂ ನಿಮ್ಮಪ್ಪಗ ಪಟಗ ನಿಲ್ತಿದ್ದಿಲ್ಲ," ಎಂದಳು ಹೊಳೆವ್ವ, ಕಂಬಕ್ಕೊರಗಿ ಕೂತಲ್ಲಿಂದಲೇ. ಗಂಡನ ಉಸಿರು ನಿಂತದ್ದು ನಸುಕಿನಲ್ಲಿ. ಹೊತ್ತು ಏರಿದ್ದರೂ ಆ ಮುದುಕಿ ಇನ್ನೂ ಅತ್ತಿರಲಿಲ್ಲ.

ಪಟಗ ಸುತ್ತುವುದು ಗಂಡಸರ ಕೆಲಸ. ಆದರೆ ರಾಮಲಿಂಗನಿಗೆ ಗಂಡುಮಕ್ಕಳಿಲ್ಲ. ಇದ್ದೊಬ್ಬ ಮಗಳು ತಿಕೋಟಾಕ್ಕೆ ಕೊಟ್ಟವಳು. ಸುದ್ದಿ ಮುಟ್ಟಿದ್ದೇ ಗಂಡ ಸಂಗಣ್ಣನ ಜೊತೆ ಬಬಲೇಶ್ವರದ ಮೇಲೆ ಹಾಯ್ದು ಮಮದಾಪುರಕ್ಕೆ ಬಂದಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಇದ್ದದ್ದು ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಊರವರ ಕುರಿಗಳನ್ನು ಹೊಡೆದುಕೊಂಡು ಕೆರೆಯ ಏರಿಯ ಮೇಲೆ ಹೋಗುವ ಅಪ್ಪ. ದೂರದಲ್ಲಿ ಪೊಲೀಸಿನವನ ಟೊಪ್ಪಿಗೆ ಕಂಡರೂ ಸಾಕು, ಕುರಿಗಳ ನಡುವೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ ಅಪ್ಪ.

ಆ ಅಪ್ಪನ ಮನೆಯ ಮುಂದೆ ಈಗ ಸಾಲಿಯ ಮಕ್ಕಳು ಬಂದು ಸಾಲಾಗಿ ನಿಂತರು.

"ರಾಮಲಿಂಗಜ್ಜಗ..." ಎಂದರು ಹೆಡ್‌ಮಾಸ್ತರರು.

"ಜೈ!" ಎಂದವು ಮಕ್ಕಳು.

ದುಂಡವ್ವ ಪಟಗದ ತುದಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮಾಸ್ತರರ ಕೈಯಲ್ಲಿ ಹಳೆಯ ಚಿತ್ರಪುಸ್ತಕವಿತ್ತು. ಅವಳಿಗೆ ಅದರ ಗುರುತು ಸಿಕ್ಕಿತು.

"ಅಳಬ್ಯಾಡ ತಂಗಿ," ಎಂದರು ಮಾಸ್ತರರು. "ವಿಜಾಪುರಕ್ಕ ಸುದ್ದಿ ಮುಟ್ಟಿಸೀನಿ. ಸಾಹೇಬ್ರು ಬರಾಕತ್ತಾರ. ಝಂಡಾ ಹೊಚ್ಚಿ ಮಣ್ಣ ಮಾಡೂದೈತಿ."

"ಯಾರಿಗ್ರಿ ಝಂಡಾ?"

"ಮತ್ತ್ಯಾರಿಗೆ? ನಿಮ್ಮಪ್ಪಗ. ಸ್ವಾತಂತ್ರ್ಯ ಹೋರಾಟಗಾರರಲ್ಲೇನು ಅವ್ರು!"

ದುಂಡವ್ವ ತಾಯಿಯ ಕಡೆ ತಿರುಗಿದಳು. ಹೊಳೆವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

*

ಆ ಪುಸ್ತಕ ಬಂದಾಗ ದುಂಡವ್ವನಿಗೆ ಇನ್ನೂ ಲಂಗದ ವಯಸ್ಸು. ವಿಜಾಪುರದಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದ ಮುರ್ತುಜಾಸಾಬರು ಕೆರೆಯ ಚಿತ್ರ ತೆಗೆಯಲು ಊರಿಗೆ ಬಂದಿದ್ದರು. ಅವರು ಚಿತ್ರ ಹಾಕುತ್ತಿದ್ದದ್ದು ಮಕ್ಕಳಿಗಾಗಿ ಅಚ್ಚಾಗಲಿದ್ದ ಇತಿಹಾಸದ ಪುಸ್ತಕಕ್ಕೆ. ದೊಡ್ಡ ದಂಗೆ ಏಳುವುದಕ್ಕೂ ಮುಂಚೆ, ಕಂಪನಿ ಸರಕಾರದ ಕಾಲಕ್ಕೆ ಹಳ್ಳಿಹಳ್ಳಿಗಳಲ್ಲಿ ಎದ್ದ ಗದ್ದಲಗಳ ಕತೆ. ಆಯುಧ ಒಪ್ಪಿಸಿರೆಂದು ಬಿಳಿಯ ಸಾಹೇಬ ಬಂದಾಗ ಒಪ್ಪಿಸದೆ ನಿಂತವನ ಚಿತ್ರ ಅವರಿಗೆ ಬೇಕಾಗಿತ್ತು. ಏರಿಯ ಮೇಲೆ ರಾಮಲಿಂಗನ ಮೀಸೆ ಕಂಡದ್ದೇ ಅವರು ಅವನನ್ನು ಬಿಡಲಿಲ್ಲ.

"ಬ್ಯಾಡ್ರಿ ಮಾಸ್ತರ. ಮಾರಿ ಬರಕೊಂಡ್ರ ನಾಳೆ ಫೌಜದಾರ ಹಿಡಕೊಂಡು ಹೋಗ್ತಾನ," ಎಂದು ರಾಮಲಿಂಗ ಕಂಬಳಿಯಿಂದ ಮುಖ ಮುಚ್ಚಿಕೊಂಡ.

"ಏ ಮಾರಾಯಾ, ಆ ಫೌಜದಾರ ಸತ್ತು ನೂರು ವರ್ಷ ಆತು. ಕೊಡ್ಲಿ ಹಿಡಕೊಂಡು ನಿಲ್ಲು, ಅಷ್ಟ."

ರಾಮಲಿಂಗ ನಿಂತ. ಕುರಿಗಳಿಗೆ ಜಾಲಿಯ ಟೊಂಗೆ ಕಡಿಯುವ ಕೊಡಲಿ ಕೈಯಲ್ಲಿ. "ಸಿಟ್ಟಾಗು" ಎಂದರೆ ನಗು, "ಕಣ್ಣು ಕಿಸಿ" ಎಂದರೆ ಮತ್ತೂ ನಗು. ಕಡೆಗೆ ಮುರ್ತುಜಾಸಾಬರು, "ಅಲ್ಲಿ ನೋಡು, ನಿನ್ನ ಕುರಿಗೆ ತೋಳ ಬಿತ್ತು!" ಎಂದು ಕೂಗಿದರು. ಒಂದು ಗಳಿಗೆ ಅಪ್ಪನ ಮುಖ ಬದಲಾದದ್ದನ್ನು ದುಂಡವ್ವ ನೋಡಿದಳು. ಆ ಮುಖವನ್ನು ಅವಳು ಮುಂಚೆ ಎಂದೂ ಕಂಡಿರಲಿಲ್ಲ. ಮಾಸ್ತರರ ಸೀಸದಕಡ್ಡಿ ಕಾಗದದ ಮೇಲೆ ಸರಸರ ಓಡಿತು.

ಪುಸ್ತಕ ಅಚ್ಚಾಗಿ ಸಾಲಿಗೆ ಬಂದ ಮೇಲೆ ಊರ ಮಕ್ಕಳು ರಾಮಲಿಂಗನನ್ನು ಕಂಡಲ್ಲೆಲ್ಲ ಕೈಯೆತ್ತಿ ಸಲಾಮು ಹೊಡೆಯತೊಡಗಿದವು. ಮೊದಮೊದಲು ಅವನು ನಾಚಿ ಓಣಿ ಬದಲಿಸುತ್ತಿದ್ದ. ಆ ಮಕ್ಕಳು ದೊಡ್ಡವರಾದರು. ಅವರ ಮಕ್ಕಳೂ ಸಲಾಮು ಹೊಡೆದವು. ಆಮೇಲೆ ಅವನೂ ಕೈಯೆತ್ತತೊಡಗಿದ. ದುಂಡವ್ವ ಅಷ್ಟರಲ್ಲಿ ಮದುವೆಯಾಗಿ ಹೋಗಿದ್ದಳು. ಚಿತ್ರದವನು ಯಾವಾಗ ಊರಿನವನಾದ ಎಂಬುದು ಅವಳಿಗೆ ತಿಳಿಯಲಿಲ್ಲ.

*

ಮುರ್ತುಜಾಸಾಬರು ಮಧ್ಯಾಹ್ನದ ಬಸ್ಸಿಗೆ ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹೆಣದ ತಲೆಯಿಂದ ಜಾರಿದ್ದ ಪಟಗವನ್ನು ತಾವೇ ಸರಿಮಾಡಿ, ಪಡಸಾಲೆಗೆ ಬಂದು ಕೂತರು.

"ಮಾಸ್ತರ, ನೀವರ ಹೇಳ್ರಿ," ಎಂದು ದುಂಡವ್ವ ಅವರ ಮುಂದೆ ಕುಕ್ಕರಿಸಿದಳು. "ನಮ್ಮಪ್ಪ ಜೇಲಿಗೆ ಹೋಗಿದ್ನೇನ್ರಿ?"

"ಜೇಲಿಗೆ?" ಅವರ ಹುಬ್ಬು ಮೇಲೇರಿತು. "ನಿಮ್ಮಪ್ಪ ಬಬಲೇಶ್ವರದ ಸಂತಿಗೆ ಹೋಗಾಕ ಹೆದರತಿದ್ದ. ಯಾರಂದ್ರು?"

ಹೆಡ್‌ಮಾಸ್ತರರು ಓಡಿ ಬಂದು ಅವರ ಪಕ್ಕದಲ್ಲಿ ಕೂತರು. "ಮೆತ್ತಗ ಮಾತಾಡ್ರಿ ಸಾಬ್ರ. ಸಾಹೇಬ್ರು ಬರೂ ಹೊತ್ತಾತು. ದೀಪಾವಳಿ ಮುಗದ ಮ್ಯಾಲೆ, ಗಂಡಸರನ್ನ ಹಿಡದು ಮಕ್ಕಳಾಗದಂಗ ಮಾಡೂ ಆಪರೇಶನ್ ಕ್ಯಾಂಪಿನ ಜೀಪು ಈ ಊರಿಗೆ ಬಂದಿತ್ತು. ಎರಡು ಮಕ್ಕಳಾದವ್ರು, ಮೂರಾದವ್ರು, ಮದವಿ ಆಗದವ್ರು ಸೈತ ಜ್ವಾಳದ ಹೊಲ ಹೊಕ್ಕಿದ್ರು. ಊರ ಅಗಸಿ ಬಾಗಲದಾಗ ರಾಮಲಿಂಗಜ್ಜ ಒಬ್ಬನ ನಿಂತಿದ್ದ, ಕೈಯಾಗ ಕೊಡ್ಲಿ. ಥೇಟ್ ಪುಸ್ತಕದಾಗ ನಿಂತಂಗ! ಸಾಲಿ ಹುಡುಗ್ರು ಹಿಂದ ಬಂದು ಜೈ ಅಂದ್ವು. 'ಯಾರು ಈ ಮುದುಕ?' ಅಂತ ಇದೇ ಸಾಹೇಬ್ರು ನನ್ನ ಕೇಳಿದ್ರು. ಬಾಯಾಗಿಂದ ಬಂದಬಿಡ್ತು, ಸ್ವಾತಂತ್ರ್ಯ ಹೋರಾಟಗಾರರ್ರಿ, ಪುಸ್ತಕದಾಗ ಚಿತ್ರ ಐತಿ ಅಂತ. ಸಾಹೇಬ್ರು ಚಿತ್ರ ನೋಡಿದ್ರು, ಮಾರಿ ನೋಡಿದ್ರು, ಕೈ ಮುಗದು ಜೀಪು ಹೊಳ್ಳಿಸಿದ್ರು. ಅವತ್ತಿಂದ ಈ ಕಡೆ ಜೀಪು ಬಂದಿಲ್ಲ."

"ಪುಸ್ತಕದಾಗಿನ ಗದ್ದಲ ನಡದು ನೂರು ವರ್ಷದ ಮ್ಯಾಲಾತಲ್ರೀ!"

"ಅದನ್ನ ಸಾಹೇಬ್ರು ಕೇಳಲಿಲ್ಲ. ನಾ ಹೇಳಲಿಲ್ಲ."

ದುಂಡವ್ವ ಎದ್ದು ತಾಯಿಯ ಬಳಿ ಹೋದಳು. "ಯವ್ವಾ, ಅಪ್ಪ ಖರೇನ ಜೀಪಿಗೆ ಅಡ್ಡ ನಿಂತಿದ್ನಾ?"

"ಮಣಕಾಲು ಹಿಡದಿತ್ತು ಬೇ. ಓಡಾಕ ಬರಲಿಲ್ಲ. ಟೊಂಗಿ ಕಡ್ಯಾಕ ಹೊಂಟಿದ್ದ, ಕೊಡ್ಲಿ ಕೈಯಾಗಿತ್ತು."

"ಸುಳ್ಳು!" ಎಂದಳು ಪಕ್ಕದ ಮನೆಯ ತಿಪ್ಪವ್ವ. "ನಾ ಮಾಳಿಗಿ ಮ್ಯಾಲಿಂದ ನೋಡೀನಿ. ಹಿತ್ತಲದ ಹಾದಿ ತೆರದಿತ್ತು. ಕಾಲು ಗಡಗಡ ನಡಗತಿದ್ವು, ಆದ್ರ ನಿಂತ."

"ಹೆದರಿ ನಿಂತಿದ್ದ."

"ಹೆದರಿದವ್ರು ನಿಲ್ತಾರೇನು ಹೊಳೆವ್ವಾ?"

"ಕಾಲು ಬರದಿದ್ರ ನಿಲ್ತಾರ."

ದುಂಡವ್ವ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಗೋಡೆಗೆ ಆತು ಕೂತಿದ್ದ ಅಪ್ಪನ ಮುಖ ನೋಡಿದಳು.

ಮುರ್ತುಜಾಸಾಬರು ಹೆಡ್‌ಮಾಸ್ತರರ ಪುಸ್ತಕವನ್ನು ಇಸಿದುಕೊಂಡು ಆ ಪುಟ ತೆರೆದರು. "ಬಾ ಇಲ್ಲಿ ಮಗಳ. ಈ ಬಿಳೇ ಸಾಹೇಬನ ಮಾರಿ ನೋಡು. ಮೀಸಿ ಹಚ್ಚಿ ನೋಡು."

ದುಂಡವ್ವ ಬಾಗಿದಳು. ಕುದುರೆಯ ಮೇಲೆ ಕೂತು ಬೆರಳು ತೋರಿಸಿ ಹುಕುಂ ಮಾಡುತ್ತಿದ್ದ ಸಾಹೇಬನಿಗೂ ಅಪ್ಪನದೇ ಮೂಗು, ಅಪ್ಪನದೇ ಗಲ್ಲದ ಕುಳಿ.

"ಬಿಳೇ ಮಂದಿನ್ನ ನಾ ಎಲ್ಲಿಂದ ತರಲಿ? ನನ್ನ ಮುಂದ ನಿಂತಂವ ಇಂವ ಒಬ್ಬನ. ಹುಕುಂ ಕೊಡಾಂವೂ ಇಂವನ, ಕೇಳದಂವೂ ಇಂವನ. ಇದನ್ನ ತೋರಿಸಿದಾಗ ಹೊಟ್ಟಿ ಹಿಡಕೊಂಡು ನಕ್ಕಿದ್ದ." ಅವರು ಪುಸ್ತಕ ಮುಚ್ಚಿದರು. "ಪಾಪ, ಒಳ್ಳೆ ಮನಶಾ. ಅವನ ಹೆಣದ ಮುಂದ ನಾ ಸುಳ್ಳು ಹೆಂಗ ಆಡಲಿ? ಸಾಹೇಬ್ರಿಗೆ ಹೇಳೇ ಹೇಳ್ತೀನಿ."

"ಹೇಳಿದ್ರ ನಾಳೆ ಜೀಪು ಬರ್ತೈತ್ರಿ!" ಎಂದು ಹೆಡ್‌ಮಾಸ್ತರರು ಕೈ ಹಿಡಿದುಕೊಂಡರು.

ಜೀಪು ಅವತ್ತೇ ಬಂತು. ಅದರ ಸದ್ದು ಅಗಸಿಯಲ್ಲಿ ಕೇಳಿದ್ದೇ ತಡ, ಅಂಗಳದಲ್ಲಿ ಹೆಣ ಕೂಡ್ರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದ ಗಂಡಸರು ಬಿದಿರು, ಹಗ್ಗ ಎಲ್ಲ ಅಲ್ಲಲ್ಲೇ ಚೆಲ್ಲಿ ಹಿತ್ತಲ ಗೋಡೆ ಹಾರಿದರು. "ಸಾಹೇಬ್ರು ಝಂಡಾ ತಂದಾರ್ರಿ, ಹೆದರಬ್ಯಾಡ್ರಿ!" ಎಂದು ಹೆಡ್‌ಮಾಸ್ತರರು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಎಲ್ಲರಿಗಿಂತ ಮುಂದೆ ಓಡಿದವನು ಸಂಗಣ್ಣ.

ಸಾಹೇಬರು ಇನ್ನೂ ಎಳೆಯ ವಯಸ್ಸಿನವರು. ಖಾಲಿ ಅಂಗಳ, ಅರ್ಧ ಕಟ್ಟಿದ ವಿಮಾನ, ಸಾಲಾಗಿ ನಿಂತ ಮಕ್ಕಳು ಇವನ್ನೆಲ್ಲ ನೋಡಿ ಅವರೂ ಗಲಿಬಿಲಿಗೊಂಡರು. ಹೊಸ್ತಿಲ ಪಕ್ಕ ಬೂಟು ಕಳಚಿಟ್ಟು, ಒಳಗೆ ಬಂದು ಹಾರ ಹಾಕಿದರು. ಜವಾನ ಝಂಡಾವನ್ನು ಹೆಣಕ್ಕೆ ಹೊಚ್ಚಿದ್ದ ಕಂಬಳಿಯ ಮೇಲೆ ಹೊಚ್ಚಿದ.

"ನೀವು ಮಗಳಲ್ಲವೆ?" ಎಂದು ಸಾಹೇಬರು ದುಂಡವ್ವನನ್ನು ಕೇಳಿದರು. "ನಾಲ್ಕು ಮಾತು ಆಡಬೇಕು ನಾನು. ನಿಮ್ಮ ತಂದೆ ಯಾವ ಜೈಲಿನಲ್ಲಿದ್ದರು? ನಲವತ್ತೆರಡರಲ್ಲಿ ತಾನೆ?"

ಅಪ್ಪನನ್ನು ಅಪ್ಪನಾಗಿಯೇ ಮಣ್ಣಿಗೆ ಕೊಡಬೇಕೆಂದು ಬಂದವಳು ಅವಳು. ಇವನು ಕುರಿ ಕಾಯುವವನು ಎಂದರೆ ನಿಜ. ಆ ನಿಜದ ಬೆನ್ನಿಗೆ ಜೀಪು ಬರುತ್ತದೆ. ಜೋಳದ ಹೊಲದಲ್ಲಿ ಅವಳ ಗಂಡನೇ ಬೋರಲು ಬಿದ್ದಿದ್ದಾನೆ. ಅವಳು ಹೆಣದ ಕೊರಳಿನ ಹಾರವನ್ನು ಸರಿಮಾಡತೊಡಗಿದಳು.

"ಸಾಹೇಬ್ರ," ಎನ್ನುತ್ತ ಮುರ್ತುಜಾಸಾಬರು ಎದ್ದು ನಿಂತರು. "ನಾ ಒಂದ್ ಮಾತು ಹೇಳೂದೈತಿ. ಆ ಚಿತ್ರ..."

ಅಷ್ಟರಲ್ಲಿ ಕಂಬದ ಬುಡದಿಂದ ಎದೆ ಸೀಳುವಂಥ ಕೂಗೊಂದು ಎದ್ದಿತು.

"ಎಲ್ಲಿಗ್ಹೋದ್ಯೋ ನನ್ನ ದೊರಿಯೇ... ಊರು ಓಡಿದಾಗ ಒಬ್ಬನ ನಿಂತಿದ್ದ್ಯೋ... ಸಾಹೇಬನ ಕಣ್ಣಾಗ ಕಣ್ಣಿಟ್ಟಿದ್ದ್ಯೋ... ಕೊಡ್ಲಿ ಹಿಡದ ಕೈ ತಣ್ಣಗಾತಲ್ಲೋ..."

ಹೊಳೆವ್ವ ಎದೆ ಬಡಿದುಕೊಳ್ಳುತ್ತಿದ್ದಳು. ತಿಪ್ಪವ್ವ ಸೊಲ್ಲು ಹಿಡಿದಳು, ಓಣಿಯ ಹೆಂಗಸರೆಲ್ಲ ಸೊಲ್ಲು ಹಿಡಿದರು. ಮುರ್ತುಜಾಸಾಬರ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಸಾಹೇಬರು ತಲೆ ತಗ್ಗಿಸಿ, ಇನ್ನು ಕೇಳುವುದೇನೂ ಉಳಿದಿಲ್ಲವೆಂಬಂತೆ ಕೈ ಮುಗಿದು ನಿಂತರು. ಮುರ್ತುಜಾಸಾಬರು ಹೊಳೆವ್ವನ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಕೂತರು. ಮೊಣಕಾಲಲ್ಲಿ ಮುಖವಿಟ್ಟು ತಾವೂ ಅಳತೊಡಗಿದರು.

ದುಂಡವ್ವ ತಾಯಿಯನ್ನು ತಬ್ಬಿದಳು. ಆ ಮುದುಕಿಯ ಮೈ ಇಡೀ ನಡುಗುತ್ತಿತ್ತು, ಕಣ್ಣೀರು ಮಗಳ ಹೆಗಲನ್ನು ತೋಯಿಸುತ್ತಿತ್ತು. ಇದು ನಿಜವಾದ ಅಳುವೋ, ಬೇಕೆಂದು ತೆಗೆದ ಅಳುವೋ? ನಿಜವಾದರೆ ಈ ಗಳಿಗೆಗಾಗಿ ಯಾಕೆ ಕಾದಿತ್ತು? "ಯವ್ವಾ," ಎಂದಳು ಕಿವಿಯಲ್ಲಿ. ಹೊಳೆವ್ವ ಕೇಳಿಸಿಕೊಳ್ಳಲಿಲ್ಲ. ಅವಳ ಹಾಡಿನಲ್ಲಿ ಅಪ್ಪ ಮತ್ತೂ ಮತ್ತೂ ಸಾಹೇಬನ ಎದುರಿಗೆ ನಿಂತ; ಊರು ಮತ್ತೂ ಮತ್ತೂ ಓಡಿತು.

ವಿಮಾನ ಹೊರಲು ಗಂಡಸರೇ ಇರಲಿಲ್ಲ. ಹೆಡ್‌ಮಾಸ್ತರರು, ಜೀಪಿನ ಡ್ರೈವರ, ಜವಾನ, ಮುರ್ತುಜಾಸಾಬರು ಹೆಗಲು ಕೊಟ್ಟರು. ಹಿಂದೆ ಹೆಂಗಸರು, ಮಕ್ಕಳು. ಹೊಲದ ಬದುವಿನಲ್ಲಿ ಬೆಳಿಗ್ಗೆಯೇ ತೋಡಿಟ್ಟಿದ್ದ ಕುಣಿಯ ಬಳಿ ಜವಾನ ಝಂಡಾವನ್ನು ತೆಗೆದು, ಮಣ್ಣು ತಾಕದಂತೆ ಮಡಚಿಕೊಂಡ. ಅದರ ಅಡಿಯಲ್ಲಿ ಹಳೆಯ ಕಂಬಳಿಯ ಅಪ್ಪ ಕಂಡ. ಆಗಷ್ಟೇ ದುಂಡವ್ವನಿಗೆ ಗಂಟಲು ಬಿಟ್ಟು ಅಳು ಬಂತು.

*

ಡ್ರೈವರ ಹೋಗಿ ತಂದ ಜೀಪು ಹೊಲದಿಂದಲೇ ವಿಜಾಪುರದ ಹಾದಿ ಹಿಡಿಯಿತು. ಮುರ್ತುಜಾಸಾಬರು ಕಡೆಯ ಬಸ್ಸಿಗೆ ಹೋದರು. ಹೊತ್ತು ಇಳಿಯುವಾಗ ಓಡಿದವರೆಲ್ಲ ಒಬ್ಬೊಬ್ಬರಾಗಿ ಬಂದು, ದುಂಡವ್ವನ ಮುಖ ನೋಡದೆ ಅಂಗಳದಲ್ಲಿ ಕೂತರು. ಸಂಗಣ್ಣನ ಧೋತರಕ್ಕೆ ಮಣ್ಣು ಮೆತ್ತಿತ್ತು.

"ಮಾವಗ ಹೆಗಲು ಕೊಡಾಕ ಆಗಲಿಲ್ಲ," ಎಂದ ಅವನು ನೆಲ ನೋಡುತ್ತ.

ಅವಳು ಅವನ ಕಾಲಿಗೆ ನೀರು ತಂದಿಟ್ಟಳು.

ಕತ್ತಲು ಕವಿಯುವ ಮುಂಚೆ ಮತ್ತೆ ಜೀಪಿನ ಸದ್ದು ಕೇಳಿಸಿತು. ಅಂಗಳ ಒಮ್ಮೆಲೇ ಖಾಲಿಯಾಯಿತು. "ಗೊತ್ತಾಗೇತಿ! ಯಾರೋ ಹೇಳ್ಯಾರ!" ಎಂದು ಕೂಗುತ್ತಲೇ ಸಂಗಣ್ಣ ಗೋಡೆ ಹಾರಿದ. "ದುಂಡಿ, ಒಳಗ ಬಾ ಬೇ!" ಎಂದು ಹೊಳೆವ್ವ ಕರೆದಳು.

ದುಂಡವ್ವ ಒಳಗೆ ಹೋಗಬೇಕೆಂದೇ ಎದ್ದಳು. ಆದರೆ ಅವಳು ಹೋಗಿ ನಿಂತದ್ದು ತಲಬಾಗಿಲಲ್ಲಿ. ಎರಡೂ ಕೈಯಿಂದ ಚೌಕಟ್ಟು ಹಿಡಿದುಕೊಂಡಿದ್ದಳು. ಮೊಣಕಾಲು ಗಡಗಡ ನಡುಗುತ್ತಿದ್ದವು. ಹಿಂದೆ ಸರಿಯಬೇಕೆಂದರೂ ಕಾಲು ಕಿತ್ತು ಬರಲಿಲ್ಲ.

ಜೀಪು ಅಂಗಳದ ಆಚೆ ನಿಂತಿತು. ಸಾಹೇಬರು ಒಬ್ಬರೇ ಇಳಿದರು, ಬರಿಗಾಲಲ್ಲಿ. ವಿಮಾನದ ಹಿಂದೆ ಹೊಲಕ್ಕೆ ನಡೆದೇ ಬಂದು, ಅಲ್ಲಿಂದಲೇ ಜೀಪು ಹತ್ತಿದವರಿಗೆ ಅರ್ಧ ದಾರಿಯಲ್ಲಿ ಬೂಟಿನ ನೆನಪಾಗಿತ್ತು. ಅದು ದುಂಡವ್ವನ ಕಾಲ ಬಳಿ, ಹೊಸ್ತಿಲ ಪಕ್ಕದಲ್ಲೇ ಇತ್ತು.

ಅವಳು ಬಾಗಲಿಲ್ಲ, ಅಲುಗಲಿಲ್ಲ. ಹಗಲು ಕಡಿದ ಬಿದಿರಿನ ಸೀಳುಗಳು, ಜಾಲಿಯ ಮುಳ್ಳು ಚೆಲ್ಲಿದ್ದ ಅಂಗಳದಲ್ಲಿ ಸಾಹೇಬರು ಪ್ಯಾಂಟು ಎತ್ತಿ ಹಿಡಿದು, ಒಂದೊಂದೇ ಹೆಜ್ಜೆ ತಡಕಿ ಇಡುತ್ತ, ಕುಂಟುತ್ತ ಅವಳ ಕಡೆಗೆ ಬರುತ್ತಿದ್ದರು.