ಪುಕ್ಕಟೆ ಮೇಲ್‌ಗೆ ಯಾರು ದಿಕ್ಕು

ದರ್ಜಿಯ ಪುಕ್ಕಟೆ ಇಮೇಲ್ ಖಾತೆಗೆ ಬೆಳಿಗ್ಗೆಯೇ ಬೀಗ ಬಿದ್ದಿತ್ತು. ಹೋಟೆಲಿನ ಸಮವಸ್ತ್ರದ ಆರ್ಡರ್‌ಗೆ ಸಂಜೆಯೊಳಗೆ ಮೇಲ್‌ನಲ್ಲೇ ಒಪ್ಪಿಗೆ ಕಳಿಸಬೇಕಿತ್ತು. ಸಹಾಯ ಕೇಳಿ ಎಷ್ಟು ಸಲ ಬರೆದರೂ ಬಂದದ್ದು ಯಂತ್ರದ ಅದೇ ಉತ್ತರ.

ಅದೇ ಹೊತ್ತಿಗೆ ಕೇಕ್ ಮಾರುವ ಓರಗಿತ್ತಿಯ ಮೇಲ್ ಕೂಡ ಕೆಟ್ಟಿತು. ಅವಳು ಮೇಲ್ ಕಂಪನಿಗೆ ಫೋನ್ ಮಾಡಿದಳು, ಎರಡು ಮಾತಿನಲ್ಲಿ ಸರಿಹೋಯಿತು. "ಇನ್ನೇನಾದ್ರೂ ಬೇಕಾ ಮೇಡಂ?" ಎಂಬ ಆಚೆಯ ದನಿ ಕೇಳಿ ದರ್ಜಿಯ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು.

"ಪುಕ್ಕಟೆ ಮೇಲ್‌ಗೆ ಯಾರಕ್ಕಾ ಫೋನ್ ಎತ್ತೋದು? ನಾನು ತಿಂಗಳಾ ತಿಂಗಳಾ ದುಡ್ಡು ಕಟ್ತೀನಿ. ತಗೊಳ್ಳಿ, ನನ್ನದರಿಂದಲೇ ಕಳಿಸಿ," ಎಂದು ಓರಗಿತ್ತಿ ಫೋನ್ ಚಾಚಿದಳು.

ದರ್ಜಿ ಹಲ್ಲು ಕಚ್ಚಿಕೊಂಡು ಕಳಿಸಿದಳು. ಆರ್ಡರ್ ಉಳಿಯಿತು. ಆದರೆ ಹೋಟೆಲಿನವರು ಓರಗಿತ್ತಿಯ ಹೆಸರಿಗೇ ಉತ್ತರ ಬರೆದು, ನಿಮ್ಮ ಹೊಲಿಗೆಯ ಕೈಚಳಕ ಮೆಚ್ಚಿದೆವು ಎಂದಿದ್ದರು.

"ಸೂಜಿಗೆ ದಾರ ಪೋಣಿಸೋಕೂ ಬರದವಳಿಗೆ!" ಎಂದು ಓರಗಿತ್ತಿ ಬಿದ್ದು ಬಿದ್ದು ನಕ್ಕಳು.

"ಅದು ನನಗೆ ಬಂದಿರೋದು, ಕೊಡೇ ಇಲ್ಲಿ," ಎಂದು ದರ್ಜಿ ಫೋನ್ ಕಿತ್ತುಕೊಂಡಳು.