ಬಸವಲಿಂಗಪ್ಪನ ಅಂಬಾಸಿಡರ್

"ಅಳು ಬಂದರೆ ತಡೀಬೇಡಿ ಆಂಟೀಜಿ, ಬರಲಿ ಬಿಡಿ," ಎಂದು ಶೋಭಾಳ ಸೆರಗಿಗೆ ಮೈಕು ಸಿಕ್ಕಿಸುತ್ತಿದ್ದ ಹುಡುಗಿ ಹಿಂದಿಯಲ್ಲಿ ಹೇಳಿದಳು. ಶೋಭಾ ತಲೆಯಾಡಿಸಿದಳು. ಬರುವುದಿಲ್ಲ ಎಂದು ಈ ಹುಡುಗಿಗೆ ಯಾಕೆ ಹೇಳಬೇಕು? ಗಂಡ ಬಸವಲಿಂಗಪ್ಪ ತೀರಿಕೊಂಡಾಗ ಬಂದಿರಲಿಲ್ಲ. ಗದಗಿಗೆ ಒಯ್ದು ಮಣ್ಣು ಮಾಡುವಾಗಲೂ ಬಂದಿರಲಿಲ್ಲ. "ಕಲ್ಲು ಮನಸು ಬಿಡವಾ ಆಕೀದು," ಎಂದು ನಾದಿನಿ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಕೇಳಿಸಿತ್ತು. ಅದಕ್ಕೂ ಏನೂ ಅನಿಸಲಿಲ್ಲ. ಕೂತು ಕೂತು ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಮೈಗೆ ಹಿಡಿದಿತ್ತು.

ಕೋಲ್ಕತ್ತಾ ಪಕ್ಕದ ಹೌರಾದಲ್ಲಿ ಹೊಳೆದಂಡೆಗೆ ಮುಚ್ಚಿಬಿದ್ದಿದ್ದ ಸೆಣಬಿನ ಗಿರಣಿಯ ಅಂಗಳದಲ್ಲಿ 'ಗಾಡಿ ದರ್ಬಾರ್' ಎಂಬ ಟೀವಿ ಶೋ ಬೀಡುಬಿಟ್ಟಿತ್ತು. ದೊಡ್ಡ ದೊಡ್ಡ ದೀಪ, ಚಪ್ಪಾಳೆ ತಟ್ಟಲು ಕರೆತಂದ ಕಾಲೇಜು ಹುಡುಗರು, ಒಂದು ಕಡೆ ರಿಬ್ಬನ್ ಕಟ್ಟಿದ ಹೊಸ ಕಾರು, ಇನ್ನೊಂದು ಕಡೆ ಹಳೆ ಗಾಡಿಯನ್ನು ಎತ್ತಿ ಜಜ್ಜಿಹಾಕುವ ಹಳದಿ ಯಂತ್ರ. ನಡುವೆ ಒಂದು ಮೇಜು, ಅದರ ಮೇಲೆ ಕೆಂಪು ಗುಂಡಿ.

ಈ ಗುಂಡಿಯ ಚರಿತ್ರೆಯೆಲ್ಲ ಬಸವಲಿಂಗಪ್ಪನಿಗೆ ಬಾಯಿಪಾಠ. ನೌಕರಿಗೆಂದು ಗದಗಿನಿಂದ ಬಂದು, ಇಲ್ಲಿನ ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಇಡೀ ವಾರ ದುಡಿದು ಬಂದವನಿಗೆ ಭಾನುವಾರ ಸಂಜೆ ಈ ಶೋ ಒಂದಿದ್ದರೆ ಊಟವೂ ಬೇಡ. ಮೊದಮೊದಲು ಒಬ್ಬನೇ ಒಬ್ಬ ನಿರೂಪಕ ಪೆಟ್ರೋಲ್ ಬಂಕಿನ ಮುಂದೆ ನಿಂತು ಮೈಲೇಜು, ಬೆಲೆ ಹೇಳಿ ಹೋಗುತ್ತಿದ್ದ. ಆಮೇಲೆ ಇನ್ನಿಬ್ಬರು ಸೇರಿಕೊಂಡು ಮೂವರೂ ಕಚ್ಚಾಡತೊಡಗಿದರು. ಆಮೇಲೆ ಯಾವುದೋ ಪಾಳು ವಿಮಾನ ನಿಲ್ದಾಣದಲ್ಲಿ ಸಿನಿಮಾ ನಟರಿಗೆ ಕಾರು ಕೊಟ್ಟು ಸುತ್ತು ಹೊಡೆಸಿದರು. ಅದನ್ನೂ ಜನ ನೋಡದಂತಾದಾಗ ಬಂದದ್ದು ಈ ಗುಂಡಿ. ಯಾರದೋ ಮನೆಯ ಹಳೆ ಕಾರು ಬರುತ್ತದೆ, ಮನೆಯವರು ಅದರ ಕಥೆ ಹೇಳುತ್ತಾರೆ. ಗುಂಡಿ ಒತ್ತಿದರೆ ಹಳೆಯದು ಯಂತ್ರದ ಬಾಯಿಗೆ, ಹೊಸದರ ಕೀಲಿ ಕೈಗೆ. ಬೇಡವೆಂದರೆ ಅದೇ ಹಳೆ ಗಾಡಿಗೆ ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಬೇಡವೆನ್ನುವವರು ಅಪರೂಪ.

"ಥೂ ನಿಮ್ಮ! ಹೆತ್ತ ತಾಯಿನ್ನೂ ಹಿಂಗ ಬದಲಿ ಕೊಡ್ತೀರೇನು?" ಎಂದು ಬಸವಲಿಂಗಪ್ಪ ಟೀವಿಯನ್ನೇ ಬೈಯುತ್ತಿದ್ದ. "ಒಮ್ಮೆ ನನ್ನ ಕರೀಲಿ ನೋಡು ಶೋಭಾ. ದೇಶದ ಮುಂದ ಕೈ ಮುಗದು ಬ್ಯಾಡ ಅಂತ ಹೇಳಿ, ಗಾಡಿ ಹೊಡಕೊಂಡು ಬಾರಾನಗರದ ಮನಿಗೆ ಬರತೀನಿ."

ಅರ್ಜಿ ಹಾಕಿಯೂ ಇದ್ದ. ಆಯ್ಕೆಯಾಗಿದೆ ಎಂದು ಫೋನು ಬಂದಾಗ ಅವನಿರಲಿಲ್ಲ. ಹೋಗುವುದೇ ಬೇಡವೆಂದಿದ್ದ ಶೋಭಾಳನ್ನು ಒಪ್ಪಿಸಿದ್ದು ಕಸ್ಬಾ ಬಡಾವಣೆಯ ಆಫೀಸೊಂದರಲ್ಲಿ ಕೆಲಸ ಮಾಡುವ ಮಗಳು ಮೇಧಾ. "ಪಪ್ಪಾನ ಮಾತು ನಾವ ಹೇಳೋಣ ಮಮ್ಮಿ. ನೋ ಅನ್ನೂದು, ಮನಿಗೆ ಬರೂದು, ಬಸ್," ಎಂದಿದ್ದಳು. ಹೇಳಬೇಕಾದ್ದು ಅಷ್ಟೇ ತಾನೆ ಎಂದು ಶೋಭಾ ಬಂದಿದ್ದಳು.

"ಗಾಡಿಯಲ್ಲೇ ಕೂತು ಒಳಗೆ ಬರಬೇಕು, ದಿನಾ ಕೂರೋ ಜಾಗದಲ್ಲೇ," ಎಂದು ಯಾರೋ ಕೂಗಿದರು. ಗಾಡಿಯನ್ನು ಶೋದವರು ಬೆಳಿಗ್ಗೆಯೇ ಬಂದು ಒಯ್ದಿದ್ದರು, ತಾಯಿ ಮಗಳು ಟ್ಯಾಕ್ಸಿಯಲ್ಲಿ ಬಂದಿದ್ದರು. ಅಪ್ಪನ ಜಾಗದಲ್ಲಿ, ಸ್ಟಿಯರಿಂಗ್ ಹಿಂದೆ ಮೇಧಾ ಕೂತಳು. ಶೋಭಾ ಪಕ್ಕದ ಸೀಟಿಗೆ ಹತ್ತಿ ಬಾಗಿಲೆಳೆದುಕೊಂಡಳು. ಒಳಗೆ ನಿಂಬೆಹಣ್ಣಿನ ವಾಸನೆ. ರೂಢಿಯಂತೆ ಬಲಕ್ಕೆ, ಮೇಲಕ್ಕೆ ಕಣ್ಣು ಹಾಯಿಸಿದಳು.

ಅಲ್ಲಿ ಏನೂ ಇರಲಿಲ್ಲ.

ಬಸವಲಿಂಗಪ್ಪ ಆರಡಿ ಆಳು. ಚೌಕದಲ್ಲಿ ಗಾಡಿ ನಿಂತಾಗ ಸಿಗ್ನಲ್ಲಿನ ದೀಪ ಕಾಣಬೇಕಾದರೆ ಮುಂದಕ್ಕೆ ಬಾಗಿ ಕತ್ತು ಮೇಲೆತ್ತಬೇಕಿತ್ತು. ಹಾಗೆ ಬಾಗಿದಾಗೆಲ್ಲ ಮುಂಜಾನೆ ಪೂಜೆ ಮಾಡಿ ಹಚ್ಚಿಕೊಂಡ ವಿಭೂತಿ ಗಾಜಿನ ಮೇಲಿನ ಬಿಸಿಲುಮರೆಗೆ ತಾಗುತ್ತಿತ್ತು. ವರ್ಷಗಟ್ಟಲೆ ತಾಗಿ ತಾಗಿ, ಆ ಕಪ್ಪು ರೆಕ್ಸಿನ್ನಿನ ಮೇಲೆ ಹಣೆಯಗಲದ ಬಿಳಿ ಗುರುತು ಕೂತುಬಿಟ್ಟಿತ್ತು. "ಒರಿಸರೀ, ನೋಡಿದವರು ನಕ್ಕಾರು," ಎಂದು ಶೋಭಾಳೇ ಎಷ್ಟೋ ಸಲ ರೇಗಿದ್ದುಂಟು. ಅವನು ಹೋದ ಮೇಲೆ, ಸಂಜೆ ಹೊತ್ತು ಗಿಡಕ್ಕೆ ನೀರು ಹಾಕುವ ನೆವದಲ್ಲಿ ಕೆಳಗಿಳಿದು ಇದೇ ಸೀಟಿನಲ್ಲಿ ಕೂತು ಅದನ್ನು ನೋಡುತ್ತಿದ್ದಳು. ಇವತ್ತಾದರೂ ಅಳು ಬಂದೀತೇನೋ ಅಂತ. ಬರುತ್ತಿರಲಿಲ್ಲ. ಆದರೂ ಮಾರನೆಯ ದಿನ ಮತ್ತೆ ಇಳಿಯುತ್ತಿದ್ದಳು.

"ಹೆಂಗ ಕಾಣಸ್ತದ ಮಮ್ಮಿ?" ಮೇಧಾ ಉಬ್ಬಿಹೋಗಿದ್ದಳು. "ನಿನ್ನೆ ರಾತ್ರಿ ನೀ ಮಲಗಿದ್ದಿ ನೋಡು, ಆವಾಗ ಎಲ್ಲಾ ಕ್ಲೀನ್ ಮಾಡಿದೆ. ಸೀಟು, ಮ್ಯಾಟು, ಸಬ್ ಕುಛ್. ಇಲ್ಲಿ ಮ್ಯಾಲೆ ಬಿಳೀದೇನೋ ಹತ್ತಿತ್ತು, ಫಂಗಸ್ ಇರಬೇಕು. ಬರಲೇ ಇಲ್ಲ. ಬ್ರಷ್ ತಗೊಂಡು ತಿಕ್ಕಿ ತಿಕ್ಕಿ ತೆಗೆದೆ. ಪಪ್ಪಾನ ಗಾಡಿ ಟೀವಿನಾಗ ಗಲೀಜು ಕಾಣಬಾರದಲ್ಲಾ?"

ಈ ಹುಡುಗಿ ಚಿಕ್ಕಂದಿನಿಂದ ಹಿಂದಿನ ಸೀಟಿನವಳು. ಅವಳಿಗೆ ಹೇಗೆ ಗೊತ್ತಾಗಬೇಕು?

"ಚಂದ ಆಗೇದ," ಎಂದಳು ಶೋಭಾ.

ಆಮೇಲೆ ನಡೆದದ್ದೆಲ್ಲ ಯಾರದೋ ಮನೆಯ ಟೀವಿಯಲ್ಲಿ ನಡೆದಂತೆ ನಡೆಯಿತು. ನಿರೂಪಕ ಅಮಿತ್ ಕಾರಿನ ಬಾಗಿಲು ತೆರೆದು ಕೈಹಿಡಿದು ಇಳಿಸಿಕೊಂಡ. ಗಾಡಿ ತಗೊಂಡದ್ದು ಯಾವಾಗ, ಅಂಕಲ್‌ಜಿಗೆ ಅದರ ಮೇಲೆ ಎಷ್ಟು ಪ್ರೀತಿ ಎಂದೆಲ್ಲ ಕೇಳಿದ. ಶೋಭಾ ತನ್ನ ಮುರುಕು ಹಿಂದಿಯಲ್ಲಿ ಕೇಳಿದ್ದಕ್ಕೆ ಕೇಳಿದಷ್ಟು ಹೇಳಿದಳು. ಅವನು ದನಿ ತಗ್ಗಿಸಿ, ಕಣ್ಣು ಒದ್ದೆ ಮಾಡಿಕೊಂಡು ಕೂಡ ನೋಡಿದ. ಇವಳ ಕಣ್ಣು ಒಣಗಿಯೇ ಇತ್ತು. ಕ್ಯಾಮೆರಾದ ಹಿಂದಿನವರು ಮುಖ ಮುಖ ನೋಡಿಕೊಂಡರು.

"ಬೋಲಿಯೇ ಆಂಟೀಜಿ, ರಖ್ನಾ ಹೈ ಯಾ ತೋಡ್ನಾ?"

ಇಟ್ಟುಕೊಳ್ಳುವುದೋ, ಒಡೆಸುವುದೋ ಎಂದು ಅಮಿತ್ ಕೇಳಿದ. ಮೇಧಾ ಆಗಲೇ ನಗುತ್ತಿದ್ದಳು. ಶೋಭಾ ಕಾರಿನ ಕಡೆ ನೋಡಿದಳು. ಅಂಗಡಿಯಿಂದ ಈಗ ತಂದಂತೆ ಮಿರಮಿರ ಮಿಂಚುತ್ತಿತ್ತು. ಯಾರ ಕಾರು ಇದು ಅನಿಸಿತು. ಕೈ ಮುಂದೆ ಹೋಯಿತು. ಒತ್ತಿದಳು.

ಪಟಾಕಿ ಸಿಡಿಯಿತು. ಬಣ್ಣದ ಕಾಗದಗಳು ತಲೆಯ ಮೇಲೆ ಉದುರಿದವು.

"ಮಮ್ಮೀ!" ಮೇಧಾ ಓಡಿಬಂದು ತೋಳು ಹಿಡಿದಳು. "ಗಲ್ತೀಸೆ ಒತ್ತಿದಿ, ಹೌದಲ್ಲ? ಅವರಿಗೆ ಹೇಳು, ಗಲ್ತೀಸೆ ಆತು ಅಂತ ಹೇಳು!"

ಅಮಿತ್ ಕೈಯೆತ್ತಿ ಗದ್ದಲ ನಿಲ್ಲಿಸಿದ. ಕೈ ತಪ್ಪಿ ಒತ್ತಿದಿರಾ, ಹಾಗಿದ್ದರೆ ಯಂತ್ರ ನಿಲ್ಲಿಸುತ್ತೇವೆ ಎಂದ. ಕೆಟ್ಟ ಮನುಷ್ಯನೇನಲ್ಲ.

"ಇಲ್ಲಪಾ. ತಿಳದ ಒತ್ತೀನಿ," ಎಂದು ಶೋಭಾ ಕನ್ನಡದಲ್ಲೇ ಹೇಳಿ, ಅಡ್ಡಡ್ಡ ತಲೆಯಾಡಿಸಿದಳು.

ಯಂತ್ರ ಗುಡುಗಿ ಮೇಲೆದ್ದಿತು. ಮೇಧಾ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಕ್ಯಾಮೆರಾಗಳೆಲ್ಲ ತಾಯಿಯನ್ನು ಬಿಟ್ಟು ಮಗಳತ್ತ ತಿರುಗಿದವು. ಅವರಿಗೆ ಬೇಕಾದದ್ದು ಅಂತೂ ಸಿಕ್ಕಿತ್ತು.

"ಯಾಕ ಮಮ್ಮಿ? ಪಪ್ಪಾ ಏನ್ ಹೇಳತಿದ್ದರು, ನೀ ಏನ್ ಮಾಡಿದಿ? ಯಾಕ?"

ಒಂದು ಮಾತು ಸಾಕಿತ್ತು. ಆ ಒಂದು ಮಾತು ಆಡಿದರೆ ಈ ಹುಡುಗಿ ಜನ್ಮವಿಡೀ ಆ ಬ್ರಷ್ಷನ್ನು ಕೈಯಲ್ಲೇ ಹಿಡಿದುಕೊಂಡಿರುತ್ತಾಳೆ. ಬೇಡ. ಕಲ್ಲು ಮನಸಿನವಳು ಎಂದುಕೊಂಡರೂ ಆದೀತು.

"ಹಳೇದಾಗಿತ್ತವಾ," ಎಂದಳು ಶೋಭಾ. "ಮಳಿಗಾಲದಾಗ ಸೋರತಿತ್ತು."

ಕೊಂಡಿಗೆ ಸಿಕ್ಕ ಕಾರು ನೆಲ ಬಿಟ್ಟಿತು. ಮೇಧಾ ತಾಯಿಯ ಹೆಗಲಿನಲ್ಲಿ ಮುಖ ಮುಚ್ಚಿಕೊಂಡಳು. ಶೋಭಾ ಅವಳ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಸೋಪಿನ ನೀರಿಗೆ ಬೆರಳ ತುದಿಗಳು ಸಿಪ್ಪೆ ಎದ್ದಿದ್ದವು, ಒಂದು ಉಗುರಿನ ಸಂದಿಯಲ್ಲಿ ಇನ್ನೂ ಏನೋ ಬೆಳ್ಳಗೆ ಉಳಿದಿತ್ತು. ಗಾಜು ಒಡೆಯುವ ಸದ್ದು ಕೇಳಿಬಂತು. ಶೋಭಾ ಆ ಬೆರಳನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.